ಡಬ್ಬದ ಮೇಲೆ '1200' ಎಂದು ಬರೆದವರಿಗೆ, ಹೊರನಾಡಿನಿಂದ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ವೈಫೈ ರೂಟರಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ '1200' ಎಂದು ಅಚ್ಚು ಹಾಕಿಸುವ ಕೆಲಸ ಯಾರದೋ, ಅವರೇ ನೀವು. ನಿಮ್ಮ ಆ ನಾಲ್ಕು ಕೋಡಿನ ಪ್ರಾಣಿಯನ್ನು ಕಳೆದ ಮಳೆಗಾಲಕ್ಕೆ ಮೊದಲು ಚಿಕ್ಕಮಗಳೂರಿನ ಅಂಗಡಿಯಿಂದ ತಂದು ಮನೆ ತುಂಬಿಸಿಕೊಂಡೆ. 'ಗೇಮಿಂಗ್ ರೂಟರ್ ಸಾರ್, ಲೈಟು ಬೇರೆ ಬರುತ್ತೆ' ಅಂದಿದ್ದ ಅಂಗಡಿಯವನು. ಲೈಟು ಬಂತು. ಆ ವಿಷಯದಲ್ಲಿ ನನ್ನ ತಕರಾರಿಲ್ಲ.

ಆಡುವವನು ನಾನಲ್ಲ, ತಮ್ಮನ ಮಗ. ಬೆಂಗಳೂರಿನ ಕಂಪನಿಯ ಕೆಲಸವನ್ನು ಹೊರನಾಡಿನ ಅಟ್ಟದ ಮೇಲೆ ಕೂತು ಮಾಡುತ್ತಾನೆ. ಹಗಲಿಡೀ ಅವರಿಗೆ ದುಡಿದು, ರಾತ್ರಿ ವ್ಯಾಲರಂಟ್ ಆಟದಲ್ಲಿ ಸಾಯುತ್ತಾನೆ. 'ಎಷ್ಟು ಸಲ ಸಾಯ್ತೀಯೋ ಮಾರಾಯ' ಅಂದರೆ, 'ದೊಡ್ಡಪ್ಪ, ಅವರು ಹೊಡೆದು ಸಾಯ್ತಿಲ್ಲ, ಪಿಂಗ್ ಹಾರಿ ಸಾಯ್ತಿದೀನಿ' ಅನ್ನುತ್ತಾನೆ. ಸಾವಿಗೆ ಕಾರಣ ಹುಡುಕುವುದು ಮನೆ ಹಿರಿಯನ ಕೆಲಸವಲ್ಲವೇ? ಹಾಗಾಗಿ ಈ ಪತ್ರ.

ಮೊದಲು ನಿಮ್ಮ ಲೆಕ್ಕ. 1200 ಎಲ್ಲಿಂದ ಬಂತು ಅಂತ ಡಬ್ಬದ ಹಿಂಬದಿಯ ಸಣ್ಣಕ್ಷರ ಓದಿದೆ. 2.4 ಗಿಗಾಹರ್ಟ್ಜ್‌ನಲ್ಲಿ 300, 5 ಗಿಗಾಹರ್ಟ್ಜ್‌ನಲ್ಲಿ 867. ಕೂಡಿದರೆ 1167 ಎಂಬಿಪಿಎಸ್ ವೇಗ. ಉಳಿದ 33 ನಿಮ್ಮ ಔದಾರ್ಯ. ಹುಡುಗನ ಕಂಪ್ಯೂಟರು ಒಮ್ಮೆಗೆ ಎರಡರಲ್ಲಿ ಒಂದನ್ನು ಮಾತ್ರ ಹಿಡಿಯುವುದರಿಂದ ಈ ಕೂಡಿಕೆ ಯಾರಿಗಾಗಿ ಎಂಬುದು ತಿಳಿಯಲಿಲ್ಲ. ಎರಡು ಗದ್ದೆಯ ಇಳುವರಿ ಕೂಡಿಸಿ ಒಂದು ಗದ್ದೆ ಮಾರಿದ ಹಾಗಾಯಿತು. ಅದಿರಲಿ, ಆ 867 ಕೂಡ ಗಾಳಿಯ ಮೇಲಿನ ಮಾತು. ರೂಟರಿನ ಬೆನ್ನಿಗೆ ವಯರು ಚುಚ್ಚುವ ಕಿಂಡಿಗಳಿವೆಯಲ್ಲ, ಅವು 100ರವು. ಹೊರಗಿನ ಇಂಟರ್ನೆಟ್ಟು ಒಳಗೆ ಬರುವುದೇ ಆ ಕಿಂಡಿಯಿಂದ. ನಾನು ದುಡ್ಡು ಕಟ್ಟುವ ಪ್ಲಾನು 50. ಆಟಕ್ಕೆ ಬೇಕಾದದ್ದು ಒಂದು ಎಂಬಿಪಿಎಸ್ಸಿಗಿಂತಲೂ ಕಡಿಮೆ.

ನಮ್ಮ ಕಡೆ ರೋಬಸ್ಟಾ ಚೆರಿ ಮಾರುವಾಗ ವ್ಯಾಪಾರಿ ಮೂಟೆ ನೋಡಿ ದುಡ್ಡು ಕೊಡುವುದಿಲ್ಲ ಸ್ವಾಮಿ. ಔಟ್‌ಟರ್ನ್ ನೋಡುತ್ತಾನೆ. ಅಂದರೆ ಮೂಟೆಗೆ ಎಷ್ಟು ಕಿಲೋ ಬೀಜ ಬೀಳುತ್ತದೆ ಅಂತ. ಐವತ್ತು ಕಿಲೋ ಮೂಟೆಯ ಸ್ಯಾಂಪಲ್ಲು ತೆಗೆದು, ಸಿಪ್ಪೆ ಬಿಡಿಸಿ, ತೇವ ನೋಡಿ, 'ಇಪ್ಪತ್ತಾರು ಬೀಳ್ತದೆ' ಅನ್ನುತ್ತಾನೆ. ಇಪ್ಪತ್ತೇಳು ಅನ್ನಿಸಲು ನಾವು ಎರಡು ಲೋಟ ಕಾಫಿ ಕುಡಿಸುತ್ತೇವೆ. ನೀವು ಮಾತ್ರ ಸಿಪ್ಪೆಯನ್ನೂ ತೂಗಿ, ಮೂಟೆಯ ಗೋಣಿಯನ್ನೂ ತೂಗಿ, ಕಡೆಗೆ ತಕ್ಕಡಿಯನ್ನೂ ಸೇರಿಸಿ ಮಾರುತ್ತೀರಿ. ನಿಮ್ಮನ್ನು ಒಂದು ಸೀಸನ್ನಿನ ಮಟ್ಟಿಗೆ ನಮ್ಮ ಕಾಫಿ ಮಾರಲು ಕಳಿಸಿಕೊಡಬೇಕೆಂದು ನನ್ನ ವಿನಂತಿ.

ಇನ್ನು ಪಿಂಗ್. ಹುಡುಗ ಗುಂಡು ಹಾರಿಸಿದ ಸುದ್ದಿ ಮುಂಬೈಯ ಸರ್ವರಿಗೆ ಹೋಗಿ ಉತ್ತರ ತರಲು ಹಿಡಿಯುವ ಹೊತ್ತು ಅದು. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಇಲ್ಲಿಂದ ಮುಂಬೈಗೆ ಸುಮಾರು 700 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿ.ಮೀ. ಓಡುತ್ತದೆ, ಹೋಗಿಬರಲು ಏಳು ಮಿಲಿ ಸೆಕೆಂಡು ಸಾಕು. ನಮ್ಮ ಲೈನು ಕಳಸ ಕೊಪ್ಪ ಅಂತ ಎಲ್ಲಾ ನೆಂಟರ ಮನೆ ಹೊಕ್ಕು ಹೋಗುತ್ತದೋ ಏನೋ, ನಲವತ್ತಾಗುತ್ತದೆ. ನಲವತ್ತಕ್ಕೆ ಹುಡುಗ ಅಳುವುದಿಲ್ಲ. ಅದು ನಲವತ್ತರಲ್ಲಿ ನಿಲ್ಲದೆ ಒಮ್ಮೆ ಮುನ್ನೂರಕ್ಕೆ ಹಾರಿ ಇಳಿಯುತ್ತದಲ್ಲ, ಆ ಕುಣಿತ ಕೊಲ್ಲುತ್ತದೆ. ಕುಣಿಯುತ್ತಿದ್ದದ್ದು ಮುಂಬೈಯಲ್ಲಲ್ಲ, ರೂಟರಿರುವ ನಮ್ಮ ಜಗಲಿಗೂ ಅಟ್ಟಕ್ಕೂ ನಡುವೆ.

ಯಾಕೆಂದರೆ ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ನಿಮ್ಮ 5 ಗಿಗಾಹರ್ಟ್ಜ್ ಎರಡನೇ ಗೋಡೆಯ ಹತ್ತಿರ ಏದುಸಿರು ಬಿಡುತ್ತದೆ. ಹುಡುಗ ವೀಡಿಯೋ ನೋಡಿ ಕಲಿತವನು, '2.4 ಮುಟ್ಟಲೇಬಾರದು ದೊಡ್ಡಪ್ಪ, ಅದು ಸಂತೆ' ಅನ್ನುತ್ತಿದ್ದ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಸಂತೆಯೇ ಹೌದು. ಒಂದರ ಮೇಲೊಂದು ಬೀಳದ ಚಾನೆಲ್ಲು ಇರುವುದೇ 1, 6, 11 ಅಂತ ಮೂರು, ಅದಕ್ಕೆ ಮೂವತ್ತು ಮನೆ. ಇಲ್ಲಿ ನಮಗೆ ಹತ್ತಿರದ ಇನ್ನೊಂದು ವೈಫೈ ಬೇಕೆಂದರೆ ಇಂಬಳ ಕಚ್ಚಿಸಿಕೊಂಡು ಒಂದು ಹಳ್ಳ ದಾಟಬೇಕು. 2.4 ಇಲ್ಲಿ ಖಾಲಿ ಗದ್ದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಬದಲಾಯಿಸಿದೆವು, ಅರ್ಧ ರೋಗ ಹೋಯಿತು. ನಿಮ್ಮ ಡಬ್ಬದ ಮೇಲೆ ಒಬ್ಬ ಕಟ್ಟುಮಸ್ತು ಯೋಧನ ಚಿತ್ರವಿದೆ. ಅವನ ಕೈಗೆ ಕೋವಿಯ ಬದಲು ಒಂದು ಹಾರೆ ಕೊಟ್ಟಿದ್ದರೆ ನಮ್ಮ ಗೋಡೆಗೆ ಉಪಯೋಗವಾಗುತ್ತಿತ್ತು.

ಉಳಿದರ್ಧಕ್ಕೆ ಹುಡುಗ ವೈಫೈ ಕಾರ್ಡು ತರಿಸಿದ. ಅದರ ಮೇಲೆ 3000! ನಿಮ್ಮ ದಾಯಾದಿಯೇ ಬರೆದದ್ದಿರಬೇಕು. ವರ ಮೂರು ಸಾವಿರದವನು, ವಧು ಸಾವಿರದಿನ್ನೂರರವಳು. ಸಂಸಾರ ಮಾತ್ರ ಚಿಕ್ಕ ಸಂಖ್ಯೆಯ ಮೇಲೇ ನಡೆಯಬೇಕು, ಅಂದರೆ ಹೆಚ್ಚೆಂದರೆ ಅದೇ 867. ಅದರ ಎರಡು ಆಂಟೆನಾ ಕಂಪ್ಯೂಟರಿನ ಬೆನ್ನಿಗೆ ತಿರುಪು ಹಾಕಿ ನಿಂತವು: ಮುಂದೆ ತಗಡಿನ ಪೆಟ್ಟಿಗೆ, ಹಿಂದೆ ಗೋಡೆ, ಮೇಲೆ ಮೇಜು. ಗುಹೆಯಲ್ಲಿ ಕೂತವನಿಗೆ ಕೂಗಿ ಹೇಳಿದಂತೆ. ವಯರಿರುವ, ಮೇಜಿನ ಮೇಲೆ ಇಡಬಹುದಾದ ಆಂಟೆನಾದ ಕಡಿಮೆ ಬೆಲೆಯ ಕಾರ್ಡೇ ಇದಕ್ಕಿಂತ ಮೇಲಿತ್ತು. ಇದು ಡಬ್ಬದ ಮೇಲೆ ಬರೆದಿರಲಿಲ್ಲ.

ಅದರ ಮೇಲೆ ನಮ್ಮ ಮನೆಯವಳ ಫೋನು. ಮೊಮ್ಮಗುವಿನ ನಾಮಕರಣದ ನಾನೂರು ಫೋಟೋ ಮೇಲಕ್ಕೆ ಹೋಗತೊಡಗಿದರೆ ಹುಡುಗನ ಗುಂಡು ಅವುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಇದನ್ನು ತಡೆಯುವ ವಿದ್ಯೆ ಹೊರನಾಡಿಗೆ ಹೊಸದಲ್ಲ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಎಷ್ಟು ಜನ ಬಂದರೂ ಪಂಕ್ತಿ ಕೂರಿಸಿ, ಎಲೆ ಎಲೆಗೂ ಬಡಿಸಿ ಕಳಿಸುತ್ತಾರೆ. ಒಬ್ಬನ ಎಲೆಗೇ ಇಡೀ ಕೊಪ್ಪರಿಗೆ ಸುರಿಯುವುದಿಲ್ಲ. ರೂಟರಿನಲ್ಲೂ ಹಾಗೆ ಪಂಕ್ತಿ ಮಾಡುವ ಸೆಟ್ಟಿಂಗು ಇರುತ್ತದೆ, ಕ್ಯೂಒಎಸ್ ಅಂತ. ನಿಮ್ಮದರಲ್ಲೂ ಇದೆ, ಏಳನೇ ಪುಟದ ಒಳಗೆ, ಅಡಗಿ. ಡಬ್ಬದ ಮೇಲೆ ಬರೆಯಬೇಕಾದದ್ದು ಅದು.

ಕಡೆಗೆ ನಾನು ಮಾಡಿದ್ದು ಇಷ್ಟೆ: ಮೂವತ್ತೈದು ಮೀಟರು ಲ್ಯಾನ್ ಕೇಬಲ್ಲು. ನೂರು ಮೀಟರಿನವರೆಗೆ ನಡೆಯುತ್ತದಂತೆ, ತೋಟದ ಕಣದವರೆಗೂ ಹೋಗಬಹುದಿತ್ತು. ಅಟ್ಟದ ಇಲಿಗಳಿಗೆ ಹೆದರಿ ಪಿವಿಸಿ ಪೈಪಿನೊಳಗೆ ತೂರಿಸಿದೆ. ಕಂಪ್ಯೂಟರಿನಿಂದ ರೂಟರಿಗೆ ಈಗ ಒಂದು ಮಿಲಿ ಸೆಕೆಂಡೂ ಹಿಡಿಯುವುದಿಲ್ಲ. ಖರ್ಚು ಕಾರ್ಡಿಗಿಂತ ಕಮ್ಮಿ. ಸಿಡಿಲು ಶುರುವಾದರೆ ಕಿತ್ತಿಡುತ್ತೇವೆ, ಒಳಗಿರುವುದು ತಾಮ್ರವಲ್ಲವೇ. ಕರೆಂಟು ಹೋದಾಗಲೂ ನಡೆಯಲಿ ಅಂತ ರೂಟರಿಗೂ ಫೈಬರ್ ಡಬ್ಬಕ್ಕೂ 12 ವೋಲ್ಟಿನ ಪುಟ್ಟ ಬ್ಯಾಟರಿ ಕೂರಿಸಿದ್ದೇನೆ. 2023ರ ಮೇ ತಿಂಗಳಲ್ಲಿ ಮೊಬೈಲಿನ ಬಿಜಿಎಂಐ ಆಟ ನಿಷೇಧ ಮುಗಿಸಿ ವಾಪಸ್ ಬಂದಾಗ ದೊಡ್ಡವರಿಗೆ ದಿನಕ್ಕೆ ಆರು ಗಂಟೆ, ಹದಿನೆಂಟು ದಾಟದವರಿಗೆ ಮೂರು ಗಂಟೆ ಅಂತ ಮಿತಿ ಹಾಕಿದ್ದರು. ಆಷಾಢದಲ್ಲಿ ಇಲ್ಲಿಗೆ ಬಂದು ಆರು ಗಂಟೆ ಒಟ್ಟಿಗೆ ಕರೆಂಟು ನೋಡಿದವರಿದ್ದರೆ ಅವರಿಗೆ ನಮ್ಮ ಮನೆಯಲ್ಲಿ ಪತ್ರೊಡೆ ಊಟ.

ಹುಡುಗ ಈಗಲೂ ಸಾಯುತ್ತಾನೆ. ಈಗ ಅವರು ಹೊಡೆದೇ ಸಾಯುತ್ತಾನೆ, ಆದರೆ ದೂರುವುದಕ್ಕೆ ಏನೂ ಉಳಿದಿಲ್ಲವಲ್ಲ ಅಂತ ಮುಖ ಸಪ್ಪೆ ಮಾಡಿಕೊಂಡಿದ್ದಾನೆ.

ನಿಮ್ಮ ಖಾಲಿ ಡಬ್ಬವನ್ನು ಅಮ್ಮ ಎತ್ತಿಟ್ಟುಕೊಂಡಿದ್ದರು. ಮೊನ್ನೆ ಒಣ ಏಲಕ್ಕಿ ತುಂಬಿಸಿ ಮೂಡಿಗೆರೆಗೆ ಕಳಿಸಲು ಕಟ್ಟಿದರು. ಮೇಲೆ ಬರೆದದ್ದು ನೋಡಿ ಕುತೂಹಲಕ್ಕೆ ತಕ್ಕಡಿಗೆ ಹಾಕಿದೆ. ಒಂಬೈನೂರೈವತ್ತು ಗ್ರಾಂ, ಡಬ್ಬವೂ ಸೇರಿ.

ಇಂತಿ,
ಹೊರನಾಡಿನ ಒಬ್ಬ ದೊಡ್ಡಪ್ಪ