ಹತ್ತೊಂಬತ್ತು ಅವತಾರ

ನಮ್ಮ ಮನೆಯ ಅಟ್ಟದಲ್ಲಿ ಮೊನ್ನೆಮೊನ್ನೆಯವರೆಗೆ ವಿಷ್ಣುವಿನ ಹತ್ತೊಂಬತ್ತು ಅವತಾರಗಳಿದ್ದವು. ಪುರಾಣದಲ್ಲಿರುವುದು ಹತ್ತೇ ಎಂದು ನನಗೂ ಗೊತ್ತು. ಉಳಿದ ಒಂಬತ್ತು ನನ್ನ ಸಂಪಾದನೆ.

ಮದುವೆಯಲ್ಲಿ ಅಮ್ಮ ಕೊಟ್ಟಿದ್ದು ಒಂದೇ ಜೊತೆ, ರಕ್ತಚಂದನದ ಪಟ್ಟದ ಬೊಂಬೆ. ಬಸವನಗುಡಿಗೆ ಬಂದ ವರ್ಷ ಮೂರೇ ಮೆಟ್ಟಿಲು ಕಟ್ಟಿ ರಾಜ-ರಾಣಿಯನ್ನು ಕೂರಿಸಿದೆ. ಕೆಳಗೆ ಅಕ್ಕಿಬೇಳೆ ಹರಡಿಕೊಂಡ ಶೆಟ್ಟಿ ದಂಪತಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೊಂಬೆ ಹಬ್ಬಕ್ಕೆ ವರ್ಷಕ್ಕೊಂದಾದರೂ ಹೊಸ ಬೊಂಬೆ ಇಡುವುದು ಸಂಪ್ರದಾಯ. ಬೇರಾವ ಚಟಕ್ಕೂ ಹಿರಿಯರು ಹೀಗೆ ಶಾಸ್ತ್ರದ ಮುದ್ರೆ ಒತ್ತಿಲ್ಲ. ಪಾಪ, ನಮ್ಮ ಯಜಮಾನರ ಹತ್ತಿರ ನಲವತ್ತು ಇಂಕ್ ಪೆನ್ನುಗಳಿವೆ. ಹಾಲಿನ ಲೆಕ್ಕ ಬರೆಯುವುದು ಮಾತ್ರ ಕ್ಯಾಲೆಂಡರಿಗೆ ಕಟ್ಟಿದ ಪೆನ್ಸಿಲಿನಲ್ಲಿ. ಆಯುಧಪೂಜೆಯ ದಿನ ನಲವತ್ತಕ್ಕೂ ಕುಂಕುಮವಿಟ್ಟು ಸಮಾಧಾನಪಡುತ್ತಾರೆ.

'ಒಂದಾದರೂ' ಎಂದರು, 'ಒಂದೇ' ಎನ್ನಲಿಲ್ಲವಲ್ಲ! ಚನ್ನಪಟ್ಟಣದಿಂದ ಅರಗಿನ ಬಣ್ಣ ಹೊಳೆಯುವ ವಾಲಗದವರು ಬಂದರು. ಕೊಪ್ಪಳದ ಕಿನ್ನಾಳದಿಂದ ಕಾಮಧೇನು ಬಂತು. ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೂವಿಗೆಂದು ಹೋದವಳ ಚೀಲದಲ್ಲಿ ಕ್ರಿಕೆಟ್ ತಂಡ ಬಂತು, ಹೂವು ಮರೆತುಹೋಯಿತು. ಮೂರು ಮೆಟ್ಟಿಲು ತುಂಬಿದಾಗ ಇನ್ನೊಂದು ಸಾಕಿತ್ತು. ಆದರೆ ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕಲ್ಲ, ಐದಾಯಿತು. ಐದನೆಯದು ಬೋಳಾಗಿ ಕಂಡಿತು. ಅದನ್ನು ತುಂಬಿಸಲು ತಂದದ್ದರಲ್ಲಿ ನಾಲ್ಕು ಮಿಕ್ಕವು. ಏಳಾಯಿತು.

ಇಷ್ಟಾದರೂ ದರ್ಬಾರು ಹತ್ತೇ ದಿನ. ಆಮೇಲೆ ಎಲ್ಲರೂ ಹಳೇ ಪೇಪರು ಹೊದ್ದು ಅಟ್ಟದಲ್ಲಿ ನಿದ್ದೆ. 1898ರ ಪ್ಲೇಗಿಗೆ ಹೆದರಿದ ಊರು ಗಾಳಿ-ಬೆಳಕು ಹುಡುಕಿಕೊಂಡು ಬಂದು ನೆಲೆಸಿದ ಬಡಾವಣೆ ನಮ್ಮದು. ಅಂದು ಗಾಳಿಗೆಂದು ಬಿಟ್ಟ ಜಾಗವನ್ನೆಲ್ಲ ನಾನು ರಟ್ಟಿನ ಪೆಟ್ಟಿಗೆಗಳಿಂದ ಭರ್ತಿಮಾಡಿದ್ದೇನೆ.

ಎರಡು ವರ್ಷದ ಹಿಂದೆ, ಪೇಪರು ಬಿಚ್ಚುತ್ತ ಅದರಲ್ಲಿದ್ದ ಹಳೇ ಸುದ್ದಿ ಓದುವ ಭರದಲ್ಲಿ ವಾಮನ ಕೈಜಾರಿ ಬಿದ್ದ. ಮಣ್ಣಿನ ಬೊಂಬೆ, ಚೂರುಚೂರು. ಒಂಬತ್ತು ಜನ ಗಟ್ಟಿಯಾಗಿ ನಿಂತಿದ್ದರೂ ಬಂದವರ ಕಣ್ಣು, ಅದಕ್ಕಿಂತ ಮೊದಲು ನನ್ನ ಕಣ್ಣು, ನರಸಿಂಹ-ಪರಶುರಾಮರ ನಡುವಿನ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಕೂಡಿಡುವವರ ಕರ್ಮವೇ ಇಷ್ಟು. ಇರುವುದು ಕಾಣುವುದಿಲ್ಲ, ಇಲ್ಲದ್ದೇ ಎದ್ದು ಕಾಣುತ್ತದೆ. ಗಾಂಧಿ ಬಜಾರಿಗೆ ಓಡಿದೆ.

"ವಾಮನ ಒಬ್ಬ ಸಾಕಪ್ಪ."

"ಸೆಟ್ಟು ಒಡೆಯೋಕಾಗಲ್ಲಮ್ಮ. ತಗೊಂಡ್ರೆ ಹತ್ತೂ ತಗೋಬೇಕು."

ತಗೊಂಡೆ.

ಈ ಸಲ ಬುದ್ಧಿ ಬಂದು, ಹಳೆಯ ಒಂಬತ್ತನ್ನು ಎದುರುಮನೆಗೆ ಬಂದ ಹೊಸ ಸೊಸೆಗೆ ದಾಟಿಸಿದೆ. "ಎಷ್ಟು ಮುದ್ದಾಗಿವೆ ಆಂಟಿ!" ಎಂದು ಸೆರಗಿನಲ್ಲಿ ತುಂಬಿಕೊಂಡು ಹೋದಳು. ನನ್ನ ಎದೆಯೂ ಹಗುರ, ಅಟ್ಟವೂ ಹಗುರ.

ಮರುದಿನ ಸಂಜೆ ಗೇಟಿನ ಬಳಿ ನಿಂತಿದ್ದೆ. ಅವಳು ಆಟೋ ಇಳಿದಳು. ಕೈಯಲ್ಲಿ ದೊಡ್ಡದೊಂದು ಪೆಟ್ಟಿಗೆ.

"ವಾಮನ ಒಬ್ಬ ಇರಲಿಲ್ವಲ್ಲ ಆಂಟಿ, ಅದಕ್ಕೇ ಹೋಗಿದ್ದೆ. ಬಿಡಿಯಾಗಿ ಕೊಡಲ್ವಂತೆ."

ನಾನು ನಗಲೂ ಆಗದೆ ಕೇಳಿದೆ, "ಎಷ್ಟು ಮೆಟ್ಟಿಲು ಕಟ್ತೀಯಮ್ಮ?"

"ಜಾಸ್ತಿ ಇಲ್ಲ ಆಂಟಿ, ಮೂರೇ ಮೂರು."

ಬಲಿ ಚಕ್ರವರ್ತಿಯ ಹತ್ತಿರ ವಾಮನ ಕೇಳಿದ್ದೂ ಅಷ್ಟೇ.