ಗುಂಡಿಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಆಮೇಲೆ ಓದುಗ ಅರ್ಧಕ್ಕೇ ಎದ್ದುಹೋದರೆ ತಪ್ಪು ಅವನದೇ ಆಗಲಿ ಎಂಬುದು ಇದರ ಒಳಗುಟ್ಟು. ಪ್ರಸ್ತುತ ಗ್ರಂಥ ಮನೆಮಂದಿಗೆ ವಿಡಿಯೋ ಗೇಮ್ ಕಲಿಸುವುದನ್ನು ಕುರಿತದ್ದು. ಇದರ ಅಧಿಕಾರಿಗಳು ಮೂವರು: ನಮ್ಮಮ್ಮ, ನಮ್ಮ ಮಾವನವರು, ಮತ್ತು 'ನಾನು ಸುಮ್ನೆ ನೋಡ್ತಾ ಕೂತಿರ್ತೀನಿ' ಎಂದು ಬಂದು ಎಲ್ಲರಿಗಿಂತ ಹೆಚ್ಚು ಮಾತಾಡಿದ ಪಕ್ಕದ ಮನೆಯ ಆಂಟಿ. ವಿಷಯ, 1985ರಲ್ಲಿ ಜಪಾನಿನಲ್ಲಿ ಹುಟ್ಟಿದ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊಟ್ಟಮೊದಲ ಹಂತ. ಸಂಬಂಧ, ತಾಯಿ-ಮಗ ಮತ್ತು ಮಾವ-ಅಳಿಯ; ಗ್ರಂಥ ಮುಗಿಯುವವರೆಗೆ ಅದು ಉಳಿದೀತೆಂಬ ಖಾತ್ರಿಯನ್ನು ಗ್ರಂಥಕಾರ ಕೊಡಲಾರ. ಪ್ರಯೋಜನದ ವಿಚಾರದಲ್ಲಿ ಮಾವನವರು ಒಂದು ಪೂರ್ವಪಕ್ಷ ಎತ್ತಿದ್ದಾರೆ: 'ಇದನ್ನ ಗೆದ್ರೆ ಏನಪ್ಪಾ ಕೊಡ್ತಾರೆ?' ಅದಕ್ಕೆ ಉತ್ತರ ಮುಂದೆ ಬರುತ್ತದೆಂದು ಹೇಳಿ, ಭಾಷ್ಯಕಾರರ ಹಾಗೆ ನಾನೂ ಸದ್ಯಕ್ಕೆ ಜಾರಿಕೊಳ್ಳುತ್ತೇನೆ.

ಮೊದಲು ಶಬ್ದವಿಚಾರ. ಕನ್ನಡದಲ್ಲಿ ಅಂಗಿಗೆ ಹಾಕುವುದೂ ಗುಂಡಿ, ಲಿಫ್ಟಿನಲ್ಲಿ ಒತ್ತುವುದೂ ಗುಂಡಿ, ಮಳೆಗಾಲದಲ್ಲಿ ಸ್ಕೂಟರಿನ ಮುಂದಿನ ಚಕ್ರ ಇಳಿಯುವುದೂ ಗುಂಡಿ. ದಿನನಿತ್ಯದ ಬದುಕಿನಲ್ಲಿ ಈ ಮೂರೂ ಒಂದೇ ವಾಕ್ಯದಲ್ಲಿ ಎದುರಾಗುವುದಿಲ್ಲವಾದ್ದರಿಂದ ಭಾಷೆ ಹೇಗೋ ನಡೆದುಕೊಂಡು ಬಂದಿದೆ. ಮಾರಿಯೋ ಬಂದು ಅದನ್ನು ಕೆಡಿಸಿದ. ಮೊದಲ ಹಂತದಲ್ಲಿ ನೆಲ ಬಾಯಿಬಿಟ್ಟಿರುವ ಜಾಗಗಳು ಮೂರು. ಬಿದ್ದರೆ ಒಂದು ಜೀವ ಹೋಯಿತು, ಇರುವುದು ಮೂರೇ ಜೀವ. ದಾಟಬೇಕಾದರೆ 'ಎ' ಎಂದು ಬರೆದಿರುವುದನ್ನು ಒತ್ತಬೇಕು. ಪ್ರಯೋಗದ ಮೊದಲ ದಿನ ನಡೆದ ಗುರುಶಿಷ್ಯ ಸಂವಾದವನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇನೆ.

'ಗುಂಡಿ ಬಂತಮ್ಮ, ಗುಂಡಿ ಒತ್ತು!'

'ಯಾವ ಗುಂಡಿ?'

'ಎ! ಎ! ಒತ್ತು!'

'ಅಮ್ಮನ್ನ ಏ ಅಂತೀಯೇನೋ?'

ಅಷ್ಟರಲ್ಲಿ ಮಾರಿಯೋ ಗುಂಡಿಯೊಳಗಿದ್ದ. ಬಟನ್ ಅಂದಿದ್ದರೆ ಮುಗಿಯುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮುಗಿಯುತ್ತಿತ್ತು. ಆದರೆ ನಮ್ಮಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಬಿದ್ದ ಮಾರಿಯೋಗಿಂತ 'ಇದು ಶ್ಲೇಷೆಗೆ ಒಳ್ಳೇ ಉದಾಹರಣೆ ಕಣೋ' ಎಂಬುದೇ ಅವಳಿಗೆ ಮುಖ್ಯವಾಗಿ ಕಂಡಿತು.

ಗುಂಡಿಗಳು ಹೀಗೆ ತೊಂದರೆ ಕೊಡಲು ಶುರುಮಾಡಿದ್ದು ಯಾವಾಗ? 1971ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ಸ್ಪೇಸ್ ಎಂಬ ಕಾಸು ಹಾಕಿ ಆಡುವ ಯಂತ್ರ ಬಂತು. ಅದನ್ನು ಆಡುವ ಬಗೆಯನ್ನು ಓದಿ ಅರ್ಥಮಾಡಿಕೊಳ್ಳುವುದೇ ಬಾರಿಗೆ ಬಂದವರಿಗೆ ತಲೆನೋವಾಯಿತಂತೆ. ಮರುವರ್ಷ ಅದೇ ಬಳಗದಿಂದ ಪಾಂಗ್ ಬಂತು. ಅದಕ್ಕೆ ಗುಂಡಿಯೇ ಇಲ್ಲ, ತಿರುಗಿಸಲು ಒಂದು ತಿರುಪು ಅಷ್ಟೆ. ಚೆಂಡನ್ನು ತಪ್ಪಿಸಿಕೊಳ್ಳಲು ಬಿಡದಿದ್ದರೆ ಹೆಚ್ಚು ಅಂಕ ಎಂಬರ್ಥದ ಒಂದು ಸಾಲು ಅದರ ಮುಖ್ಯ ಉಪದೇಶ. ಜನ ಸಾಲುಗಟ್ಟಿ ಆಡಿದರು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. 1982ರಲ್ಲಿ ಮಾರಿಯೋ ಆಟದ ಕಂಪನಿ ನಿಂಟೆಂಡೋದ ಗುನ್‌ಪೆಯ್ ಯೊಕೊಯ್ ನಾಲ್ಕು ದಿಕ್ಕಿಗೆ ಒಂದೇ ಕೂಡುಗುರುತಿನ ಗುಂಡಿ ಮಾಡಿದ. ಅದು ಹೆಬ್ಬೆರಳಿಗೆ ದಕ್ಕುವಂಥದ್ದು, ಅವನ ಮೇಲೆ ನನಗೆ ಸಿಟ್ಟಿಲ್ಲ. 1997ರಲ್ಲಿ ಡ್ಯುಯಲ್ ಶಾಕ್ ಎಂಬ ಸಾಧನ ಬಂದಾಗ ಮಾತ್ರ ವಿಷಯ ಕೈಮೀರಿತು. ನಡೆಯಲು ಒಂದು ಕಡ್ಡಿ, ನೋಡಲು ಇನ್ನೊಂದು ಕಡ್ಡಿ, ಒತ್ತಲು ದಿಕ್ಕಿನವೂ ಸೇರಿ 16ಕ್ಕೆ ಕಡಿಮೆಯಿಲ್ಲದ ಗುಂಡಿ, ದೇವರು ಕೊಟ್ಟಿರುವ ಬೆರಳು ಹತ್ತೇ. ಆ ಸಾಧನವನ್ನು ಒಮ್ಮೆ ಪಕ್ಕದ ಮನೆಯ ಆಂಟಿಯ ಕೈಗೆ ಕೊಟ್ಟು ನೋಡಿದ್ದೇನೆ. ಕಾಲು ಗೋಡೆಗೆ ಢಿಕ್ಕಿ ಹೊಡೆಯುತ್ತ, ಕಣ್ಣು ಆಕಾಶ ನೋಡುತ್ತ ಅವರ ಯೋಧ ಕಾಲು ಗಂಟೆ ಧ್ಯಾನಸ್ಥನಾಗಿ ನಿಂತಿದ್ದ. 'ಮೋಡ ಚೆನ್ನಾಗಿ ಬಿಡಿಸಿದ್ದಾರೆ' ಅಂದರು. ಆಗಲೇ ನಾನು ಎರಡೇ ಗುಂಡಿಯ ಮಾರಿಯೋಗೆ ಮರಳಬೇಕೆಂದು ನಿರ್ಧರಿಸಿದ್ದು. ದೂರದ ಸಣ್ಣ ಅರುಂಧತಿಯನ್ನು ತೋರಿಸುವ ಮೊದಲು ಪಕ್ಕದ ದೊಡ್ಡ ನಕ್ಷತ್ರ ತೋರಿಸು ಎಂಬ ಅರುಂಧತೀ ನ್ಯಾಯ ಸುಮ್ಮನೆ ಬಂದದ್ದಲ್ಲ.

ಇನ್ನು ಶಿಷ್ಯಲಕ್ಷಣ. ಹೊಸಬರು ಆಡುವುದನ್ನು ಗಮನಿಸಿದವರಿಗೆ ಭರತಮುನಿ ಹೇಳಿದ ನಾಲ್ಕು ಅಭಿನಯಗಳೂ ಸೋಫಾದ ಮೇಲೆಯೇ ಸಿಗುತ್ತವೆ. ಆಂಗಿಕ: ಮಾರಿಯೋ ಹಾರಬೇಕಾದಾಗ ಅಮ್ಮ ರಿಮೋಟನ್ನು ಮೊರದಂತೆ ಮೇಲಕ್ಕೆ ಕೊಡವುತ್ತಾಳೆ, ಗುಂಡಿ ಮಾತ್ರ ಒತ್ತುವುದಿಲ್ಲ. (ಕೈಯಲ್ಲಿ ಹಿಡಿಯುವುದೆಲ್ಲ ನಮ್ಮ ಮನೆಯಲ್ಲಿ ರಿಮೋಟೇ.) ಬಲಕ್ಕೆ ಹೋಗಬೇಕಾದರೆ ತಾನೇ ಬಲಕ್ಕೆ ವಾಲಿ ಆಂಟಿಯ ಹೆಗಲಿಗೆ ಒರಗುತ್ತಾಳೆ. ಇದು ನಮ್ಮವರ ದೌರ್ಬಲ್ಯವೆಂದು ಯಾರೂ ಭಾವಿಸಬಾರದು. 2006ರಲ್ಲಿ ಬಂದ ವೀ ಎಂಬ ಯಂತ್ರ ಈ ಆಂಗಿಕವನ್ನೇ ಬಂಡವಾಳ ಮಾಡಿಕೊಂಡು ರಿಮೋಟ್ ಬೀಸಿದರೇ ಆಟ ಎಂದಿತು. ಲೋಕದ ಅಜ್ಜಿತಾತಂದಿರೆಲ್ಲ ಬೀಸಿದ ಬೀಸಿಗೆ ಅವು ಕೈಯಿಂದ ಹಾರತೊಡಗಿ, ಅದೇ ಡಿಸೆಂಬರಿನಲ್ಲಿ ಮಣಿಕಟ್ಟಿನ ದಾರವನ್ನು ದಪ್ಪ ಮಾಡಿ ಬದಲಿಸಿಕೊಡಬೇಕಾಯಿತು. ವಾಚಿಕ: 'ಹೋಗೋ, ಮುಂದಕ್ಕೆ ಹೋಗೋ, ಅಲ್ಲೇನು ನಿಂತಿದ್ದೀಯ' ಎಂದು ಮಾರಿಯೋನನ್ನು ಗದರುವುದು. ಆಹಾರ್ಯ: ಓದುವ ಕನ್ನಡಕವೋ ದೂರದ ಕನ್ನಡಕವೋ ಎಂದು ಎರಡನ್ನೂ ತೆಗೆದು ಹಾಕಿ ತೆಗೆದು ಹಾಕಿ, ಕೊನೆಗೆ ಸೆರಗು ಸಿಕ್ಕಿಸಿಕೊಂಡು ಕೂರುವುದು. ಸಾತ್ವಿಕ: ಅಪಾಯ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಳ್ಳುವುದು.

ಆ ಅಪಾಯ ಯಾವುದೆಂದರೆ ಗೂಂಬಾ. ಆಟ ಶುರುವಾದ ಕ್ಷಣದಲ್ಲೇ ಬಲಗಡೆಯಿಂದ ಹುಬ್ಬುಗಂಟಿಕ್ಕಿಕೊಂಡು ನಡೆದು ಬರುವ ಕಂದು ಬಣ್ಣದ ಪ್ರಾಣಿ. ಮುಟ್ಟಿದರೆ ನಾವು ಸತ್ತೆವು, ತುಳಿದರೆ ಅದು ಸತ್ತಿತು. ಅಮ್ಮ ತುಳಿಯಲು ಒಪ್ಪಲಿಲ್ಲ. 'ಅದೇನು ಮಾಡ್ತು ನಮಗೆ? ಅದರ ಪಾಡಿಗೆ ಅದು ಹೋಗ್ತಿದೆ.' ನಾನು ಪಾಂಡಿತ್ಯ ಮೆರೆಯಲು ಹೋಗಿ, ಜಪಾನಿನಲ್ಲಿ ಇದರ ಹೆಸರು ಕುರಿಬೋ, ಅಲ್ಲಿ ಕುರಿ ಅಂದರೆ ಒಂದು ಬಗೆಯ ಕಾಯಿ ಎಂದೆ. ಕಾಯಿ ಗಾಳಿಗೆ ಹೋಯಿತು, ಕುರಿ ಉಳಿಯಿತು. 'ಕುರೀನ ತುಳಿಯೋದೇನೋ!' ಅಲ್ಲಿಂದಾಚೆಗೆ ಕುರಿ ಎದುರಾದಾಗಲೆಲ್ಲ ಅಮ್ಮ ಪಕ್ಕಕ್ಕೆ ನಿಂತು ದಾರಿ ಬಿಡಲು ನೋಡಿದಳು. ಪಕ್ಕ ಎಂಬುದೇ ಇಲ್ಲದ ಲೋಕ ಅದು. ಈ ಕರುಣೆ ಸಾರ್ವತ್ರಿಕವಲ್ಲವೆಂಬುದನ್ನೂ ದಾಖಲಿಸಬೇಕು. ಇದೇ ಅಮ್ಮ ಚೌಕಾಬಾರದಲ್ಲಿ ಹಣ್ಣಾಗಲು ಒಂದೇ ಮನೆ ಬಾಕಿಯಿದ್ದ ಮೊಮ್ಮಗನ ಕಾಯನ್ನು ಹೊಡೆದು, ಅವನು ಅಳುತ್ತಿದ್ದರೂ ಕವಡೆ ಬಾಚಿಕೊಂಡು ಎರಡನೆಯ ಬಾರಿ ಆಡಿದವಳು.

ಈ ಕುರಿಯ ವಿಷಯದಲ್ಲಿ ಆಟದ ಕರ್ತೃ ಶಿಗೆರು ಮಿಯಾಮೊಟೊ ಮಾಡಿಟ್ಟಿರುವ ಉಪಾಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಡೀ ಶಾಸ್ತ್ರದಲ್ಲಿ ಕಲಿಯುವಂಥದ್ದೇನಾದರೂ ಇದ್ದರೆ ಅದೇ. ಕುರಿಗೆ ಹೆದರಿ ಹಾರಿದರೆ ತಲೆಯ ಮೇಲಿನ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ಬಡಿಯುತ್ತೇವೆ. ಒಳಗಿಂದ ಒಂದು ಅಣಬೆ ಬರುತ್ತದೆ. ನೋಡಲು ಅದೂ ಕುರಿಯ ದಾಯಾದಿಯೇ. ಆದರೆ ಕುರಿ ನಮ್ಮ ಕಡೆಗೆ ಬಂದರೆ ಇದು ನಮ್ಮಿಂದಾಚೆಗೆ ಬಲಕ್ಕೆ ಹೋಗುತ್ತದೆ. ಸದ್ಯ, ಪೀಡೆ ತೊಲಗಿತು ಅನ್ನುವಷ್ಟರಲ್ಲಿ ಮುಂದಿನ ಹಸಿರು ಕೊಳವೆಗೆ ಬಡಿದು ನಮ್ಮತ್ತಲೇ ತಿರುಗಿ ಬರುತ್ತದೆ. ಗಾಬರಿಯಿಂದ ಹಾರಿದರೂ ಮೇಲಿನ ಇಟ್ಟಿಗೆಗೆ ತಲೆ ಹೊಡೆದು ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಮುಟ್ಟಿದ ಕೂಡಲೇ ಮಾರಿಯೋ ಎತ್ತರಕ್ಕೆ ಬೆಳೆಯುತ್ತಾನೆ. ಅಣಬೆ ಒಳ್ಳೆಯದೆಂದು ತಿಳಿಯಿತು. ಯಾರೂ ಒಂದು ಮಾತು ಹೇಳಲಿಲ್ಲ. ಬರೆದು ತೋರಿಸಲಿಲ್ಲ. ಆ ಗುರು ಕ್ಯೋಟೋದಲ್ಲಿದ್ದ, ಬಾಯಿ ಮುಚ್ಚಿಕೊಂಡಿದ್ದ.

ನಾನು ಪಕ್ಕದಲ್ಲೇ ಇದ್ದೆ, ಮುಚ್ಚಿರಲಿಲ್ಲ. 'ಈಗ ಹಾರು, ಈಗ ಬೇಡ, ಈಗ ಹಾರು ಅಂದ್ನಲ್ಲ, ಅಯ್ಯೋ, ಕೊಡಿಲ್ಲಿ' ಎಂಬುದು ನನ್ನ ಬೋಧನೆಯ ಸಾರ. ಈ 'ಕೊಡಿಲ್ಲಿ' ಶಾಸ್ತ್ರದಲ್ಲಿ ಅತ್ಯಂತ ಅಪಾಯದ ಪದ. ಹಸ್ತಕ್ಷೇಪ ಎಂಬ ಶಬ್ದಕ್ಕೆ ಇಷ್ಟು ಅಕ್ಷರಶಃ ಅರ್ಥ ಬೇರೆಲ್ಲೂ ಸಿಗದು. ಗುರುವಿನ ಕೈ ಶಿಷ್ಯನ ಮಡಿಲಿಗೆ ಹೋಗುತ್ತದೆ, ರಿಮೋಟು ಗುರುವಿನ ಮಡಿಲಿಗೆ ಬರುತ್ತದೆ, ಗುಂಡಿ ಒಂದೇಟಿಗೆ ದಾಟುತ್ತದೆ. 'ನೋಡಿದ್ಯಾ, ಇಷ್ಟೇ' ಎಂದು ವಾಪಸು ಕೊಡುವಷ್ಟರಲ್ಲಿ ಶಿಷ್ಯೆ ಕುಕ್ಕರ್ ಕೂಗಿತೆಂದು ಅಡುಗೆಮನೆಗೆ ಹೋಗಿರುತ್ತಾಳೆ. ಕುಕ್ಕರ್ ಕೂಗಿರುವುದಿಲ್ಲ.

ಮಾವನವರ ಬಗೆ ಬೇರೆ. ಅವರಿಗೆ ಮಾರಿಯೋ ಕಾರ್ಟ್ 8 ಡಿಲಕ್ಸ್ ಎಂಬ ಗಾಡಿ ಓಡಿಸುವ ಆಟ ಹಾಕಿಕೊಟ್ಟೆ. ಇಲ್ಲಿ ಮೇಲುಕೋಟೆಯ ಸೀಮೆಯಲ್ಲಿ ಹಳೆಯದಾಗಿ ಕೇಳಿಬರುವ ಒಂದು ಚರ್ಚೆಯನ್ನು ತರಲೇಬೇಕು. ಕೋತಿಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಗೆ ಆ ಕಷ್ಟವಿಲ್ಲ, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಮೊದಲನೆಯದು ಮರ್ಕಟ ನ್ಯಾಯ, ಎರಡನೆಯದು ಮಾರ್ಜಾಲ ನ್ಯಾಯ. ಮೋಕ್ಷಕ್ಕೆ ಯಾವುದು ದಾರಿ ಎಂದು ಶ್ರೀವೈಷ್ಣವರಲ್ಲಿ ತೆಂಗಲೆ-ವಡಗಲೆ ಎಂದು ಎರಡು ಪಕ್ಷ. 2017ರ ಈ ಆಟ ಮಾತ್ರ ನಿಸ್ಸಂಕೋಚವಾಗಿ ಬೆಕ್ಕಿನ ಪಕ್ಷ. ಅದರಲ್ಲೊಂದು ಸೌಲಭ್ಯವಿದೆ, ಹಾಕಿಬಿಟ್ಟರೆ ಗಾಡಿ ರಸ್ತೆ ಬಿಟ್ಟು ಆಚೆಗೆ ಬೀಳುವುದೇ ಇಲ್ಲ. ಇನ್ನೊಂದನ್ನೂ ಹಾಕಿದರೆ ವೇಗವನ್ನೂ ಅದೇ ನೋಡಿಕೊಳ್ಳುತ್ತದೆ. ಎರಡನ್ನೂ ಹಾಕಿ, ಬಾಯಿ ಬಿಡದೆ ಕೂತೆ.

ಮಾವನವರು ಭುಜ ಕುಗ್ಗಿಸಿ, ಸ್ಕೂಟರ್ ಹ್ಯಾಂಡಲ್ ಹಿಡಿದವರಂತೆ ರಿಮೋಟ್ ಹಿಡಿದು ತಿರುವು ತಿರುವಿಗೂ ವಾಲಿದರು. ಹಿಂದಿನ ಗಾಡಿಯವರಿಗೆ ಸೈಡ್ ಕೊಟ್ಟರು. 'ಪರವಾಗಿಲ್ವೇ, ಕೈಗೆ ಹತ್ತಿಬಿಡ್ತು' ಎಂದರು. ಸೌಲಭ್ಯ ಹಾಕಿರುವ ಗಾಡಿಯ ಹಿಂದೆ ಒಂದು ಪುಟ್ಟ ಆಂಟೆನಾ ಇರುತ್ತದೆ. ಅವರ ಕಣ್ಣು ಅದರ ಮೇಲೆ ಬಿತ್ತು.

'ಅದೇನಪ್ಪಾ, ಹಿಂದೆ ಕಡ್ಡಿ?'

'ರೇಡಿಯೋ, ಮಾವ.'

ಎರಡನೆಯ ಸುತ್ತಿನಲ್ಲಿ ಕಾಫಿ ಬಂತು. ರಿಮೋಟನ್ನು ಟೀಪಾಯಿಯ ಮೇಲಿಟ್ಟು ಲೋಟ ತೆಗೆದುಕೊಂಡರು. ಗಾಡಿ ತಿರುವುಗಳನ್ನು ತಿರುಗಿಸಿಕೊಂಡು ತಾನೇ ಮನೆ ಸೇರಿತು, ಹನ್ನೆರಡರಲ್ಲಿ ಹನ್ನೆರಡನೆಯದಾಗಿ. ಮಾವನವರು ಬಹಳ ಹೊತ್ತು ಆಂಟೆನಾವನ್ನೇ ನೋಡಿದರು. ಆಮೇಲೆ ಲೋಟ ಎತ್ತಿ ಹಿಡಿದು, 'ಗೆದ್ರೆ ಏನು ಕೊಡ್ತಾರೆ ಅಂದಿದ್ದೆನಲ್ಲ?' ಎಂದರು. ಅಣಬೆ ಕಪ್ ಎಂಬುದೊಂದಿದೆ ಎಂದೆ. 'ನನಗೆ ಇದೇ ಸಾಕು' ಎಂದು ಕುಡಿದರು. ಪೂರ್ವಪಕ್ಷ ಇಲ್ಲಿಗೆ ಸಮಾಪ್ತಿ.

ನಿಜ ಹೇಳಬೇಕೆಂದರೆ ಈ ಮಾರ್ಜಾಲ ನ್ಯಾಯ ನಮ್ಮಲ್ಲಿ ಮೊದಲಿಂದಲೂ ಇದೆ, ಹೆಸರು ಬೇರೆ. ದೊಡ್ಡ ಮಕ್ಕಳ ಆಟಕ್ಕೆ ಚಿಕ್ಕದೊಂದು ಅಳುತ್ತ ಬಂದರೆ ಅದನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಮಾಡಿ ಸೇರಿಸಿಕೊಳ್ಳುತ್ತಿದ್ದೆವು. ಓಡಬಹುದು, ಔಟಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಹಾಕಿ, ಅದು ಓಡದಿದ್ದರೆ ತೆಗೆದು ಉಫ್ ಎಂದು ಊದಿ ಮತ್ತೆ ಹಾಕಿ ಆಡುತ್ತಿದ್ದ ಯಂತ್ರ ನಮ್ಮ ಮನೆಗೂ ಬಂತು. ಎರಡನೆಯ ರಿಮೋಟಿನ ವೈರು ಕಿತ್ತು ತಂಗಿಯ ಕೈಗೆ ಕೊಟ್ಟೆ. ಎರಡು ಬೇಸಿಗೆ ರಜೆ ಅವಳು ಅದನ್ನು ಒತ್ತಿ, ನಾನು ಆಡಿದ್ದನ್ನೆಲ್ಲ ತಾನೇ ಆಡಿದೆನೆಂದು ಸಂತೋಷವಾಗಿದ್ದಳು. ನಿಜ ಗೊತ್ತಾದದ್ದು ಪಿಯುಸಿಗೆ ಬಂದ ಮೇಲೆ. ಇಂದಿಗೂ ಗೌರಿಹಬ್ಬಕ್ಕೆ ಬಾಗಿನ ಕೊಂಡುಹೋದಾಗ ಆ ವೈರಿನ ಮಾತು ಬಾರದೆ ಊಟ ಮುಗಿಯುವುದಿಲ್ಲ. ಹಾಗಾಗಿ ಈ ಮಾರ್ಗವನ್ನು ಶಿಫಾರಸು ಮಾಡುವಾಗ ಗ್ರಂಥಕಾರನಿಗೆ ಸಣ್ಣ ಅಳುಕಿದೆ.

ಪ್ರಯೋಗದ ಒಂಬತ್ತನೆಯ ದಿನ ಆಫೀಸಿನಿಂದ ಫೋನ್ ಬಂತು. ಹತ್ತು ನಿಮಿಷ ಬಾಲ್ಕನಿಯಲ್ಲಿದ್ದೆ. ಒಳಗೆ ಬಂದು ನೋಡಿದರೆ ಅಮ್ಮ ಮೂರು ಕೊಳವೆ ದಾಟಿ ನಾಲ್ಕನೆಯದರ ನೆತ್ತಿಯ ಮೇಲಿದ್ದಾಳೆ. ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಮಾರಿಯೋ ಹೆಚ್ಚು ಎತ್ತರ ಹಾರುತ್ತಾನೆಂಬುದನ್ನು ನಾನು ಒಂಬತ್ತು ದಿನ ಹೇಳಿದ್ದೆ; ನಾನಿಲ್ಲದ ಹತ್ತು ನಿಮಿಷದಲ್ಲಿ ಅವಳಿಗೆ ಅದು ತಿಳಿದಿತ್ತು. ಒಂದು ಕುರಿಯನ್ನೂ ತುಳಿದಿರಲಿಲ್ಲವಂತೆ, ಎಲ್ಲವನ್ನೂ ಮೇಲಿಂದಲೇ ದಾಟಿಸಿದ್ದಳು. ಮುಂದೆ ಮೊದಲ ಗುಂಡಿ ಕಾದಿತ್ತು. ನಾನು ಬಾಯಿ ತೆರೆದೆ. ಅಮ್ಮ ಕೆಳಮುಖದ ಬಾಣ ಒತ್ತಿದಳು.

'ಕೆಳಗೆ ಯಾಕಮ್ಮ ಒತ್ತಿದ್ದು?'

'ಓಡಿ ಓಡಿ ಸುಸ್ತಾಗಿದೆ ಪಾಪ. ಸ್ವಲ್ಪ ಕೂರಲಿ ಅಂತ.'

ಮಾರಿಯೋ ಕೂರಲಿಲ್ಲ. ಕೊಳವೆಯೊಳಗೆ ಇಳಿದುಹೋದ. ಪರದೆ ಕಪ್ಪಾಯಿತು, ಸಂಗೀತ ಬದಲಾಯಿತು, ನೆಲದಡಿಯ ಕೋಣೆ, ತುಂಬ ಚಿನ್ನದ ನಾಣ್ಯ. ಬಲ್ಲವರಿಗಷ್ಟೇ ಗೊತ್ತಿರುವ ಗುಟ್ಟು ಇದು. ಚಿಕ್ಕಂದಿನಲ್ಲಿ ನನಗೆ ಇದನ್ನು ಹೇಳಿಕೊಟ್ಟ ಪಕ್ಕದ ಬೀದಿಯ ಹುಡುಗ ಬದಲಿಗೆ ಎರಡು ಗೋಲಿ ತೆಗೆದುಕೊಂಡಿದ್ದ. ಅಮ್ಮ ನಾಣ್ಯ ಆಯ್ದುಕೊಂಡು, ಬದಿಯ ಕೊಳವೆ ಹೊಕ್ಕು ಹೊರಗೆ ಬಂದಾಗ ಮೂರು ಗುಂಡಿಗಳೂ ಹಿಂದೆ ಉಳಿದಿದ್ದವು.

'ಗುಂಡಿ ಗುಂಡಿ ಅಂತಿದ್ಯಲ್ಲೋ, ಎಲ್ಲಿ?'

ಅಷ್ಟರಲ್ಲಿ ಬಲಗಡೆಯಿಂದ ಎರಡು ಕುರಿ ಜೋಡಿಯಾಗಿ ಬರತೊಡಗಿದವು. ನನ್ನ ಕೈ ತಾನಾಗಿಯೇ ಅವಳ ಮಡಿಲ ಕಡೆ ಹೊರಟಿತು. ಅಮ್ಮ ಟಿವಿಯಿಂದ ಕಣ್ಣು ತೆಗೆಯದೆಯೇ ಎಡಗೈಯಿಂದ ಅದರ ಮೇಲೊಂದು ಪಟ್ಟನೆ ಬಿಟ್ಟಳು. ಆ ರಭಸಕ್ಕೆ ಬಲಗೈಯ ಹೆಬ್ಬೆರಳೂ ಒತ್ತಿರಬೇಕು. ಮಾರಿಯೋ ಹಾರಿ ಮೊದಲ ಕುರಿಯ ನೆತ್ತಿಯ ಮೇಲೆ ಇಳಿದ, ಅದು ಅಪ್ಪಚ್ಚಿಯಾಯಿತು.

'ಅಯ್ಯೋ ಪಾಪ,' ಎಂದಳು, ಎರಡನೆಯದನ್ನೂ ತುಳಿಯುತ್ತ.