ಮೀನಿಗೊಂದು ವಾಕಿಂಗ್ ಟ್ರ್ಯಾಕ್

ಮಾರ್ಚ್ 7, 2016. ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ದಡದುದ್ದಕ್ಕೂ ತಗಡು ಹಾಸಿದ ಹಾಗೆ. ನಾವು ಮೂಗಿಗೆ ಕರ್ಚೀಫು ಹಿಡಿದು ನಿಂತೆವು. ಹದ್ದುಗಳಿಗೆ ಮಾತ್ರ ಹಬ್ಬ.

ನೀರಿನಲ್ಲಿ ಆಮ್ಲಜನಕ ಇರಲಿಲ್ಲ. ರಾಜಕಾಲುವೆ ತಂದು ಸುರಿದ ಕೊಳಚೆ ಅದನ್ನು ನುಂಗಿತ್ತು. ಇದನ್ನು ಹೇಳಲು ಪ್ರಯೋಗಾಲಯ ಬೇಕಿರಲಿಲ್ಲ, ಮೂಗು ಸಾಕಿತ್ತು.

ಹತ್ತು ತಾಯಂದಿರ ಕೂಸು ನಮ್ಮ ಕೆರೆ. ಪಾಲಿಕೆ, ಜಲಮಂಡಳಿ, ಮಾಲಿನ್ಯ ಮಂಡಳಿ, ಮೀನುಗಾರಿಕೆ ಇಲಾಖೆ, ದೋಣಿ ಬಿಡಲು ಪ್ರವಾಸೋದ್ಯಮದವರು. ಕೂಸು ಅತ್ತಾಗ ಎಲ್ಲರೂ ಪಕ್ಕದ ಮನೆಗೆ ಹೋಗಿರುತ್ತಾರೆ.

ಈಗ ಕೆರೆಗೊಂದು ಮದ್ದು ಬಂದಿದೆ. ಹೆಸರು ‘ಪರಿಸರ ಸ್ನೇಹಿ ದಂಡೆ ಅಭಿವೃದ್ಧಿ’. ಅಂಥದ್ದೊಂದು ಸಭೆಗೆ ಹೋಗಿದ್ದೆ. ಪರದೆ ಮೇಲೆ ಕೆರೆ ಕಡುನೀಲಿ. ಹಲಸೂರಿನ ಕಡೆ ಹುಟ್ಟಿ ಬೆಳೆದವರು ಹೇಳಲಿ, ಯಾವ ಕೆರೆ ಯಾವತ್ತು ನೀಲಿಯಾಗಿತ್ತು? ದಂಡೆಯಲ್ಲಿ ಟೈಲ್ಸ್, ಟೈಲ್ಸ್ ಮೇಲೆ ಓಡುವ ಬಿಳಿಯ, ಬಿಳಿಯನ ಪಕ್ಕ ನಾಯಿ. ಫುಡ್ ಕೋರ್ಟು, ಸೆಲ್ಫಿ ಪಾಯಿಂಟು, ಬಣ್ಣದ ಕಾರಂಜಿ. ಮೀನು? ಲೋಗೋದಲ್ಲಿ ಒಂದಿತ್ತು.

ಮೀನಿಗೆ ಟೈಲ್ಸ್ ಬೇಡ ಸ್ವಾಮಿ. ಅದಕ್ಕೆ ಬೇಕಿರುವುದು ಕೆಸರು. ಇಳಿಜಾರಾದ ದಂಡೆ, ಮೊಣಕಾಲುದ್ದದ ನೀರು, ಒಂದಿಷ್ಟು ಜೊಂಡು. ಕೊರವ ಮೀನನ್ನೇ ನೋಡಿ. ದಂಡೆಯ ಕಳೆ ಕಚ್ಚಿ ತೆಗೆದು, ತಟ್ಟೆಯಗಲದ ಜಾಗ ಬಿಡಿಸಿ, ಅಲ್ಲಿ ಮೊಟ್ಟೆಯಿಡುತ್ತದೆ. ಮರಿಯಾದ ಮೇಲೂ ಅಪ್ಪ ಅಮ್ಮ ಬಿಟ್ಟು ಹೋಗುವುದಿಲ್ಲ. ಕೆಂಪಗಿನ ಮರಿಗಳ ಹಿಂಡು ಮೇಲೆ, ಕಾವಲು ಕೆಳಗೆ. ಕೆರೆಯ ಬಗ್ಗೆ ಇಷ್ಟು ಜವಾಬ್ದಾರಿ ನಾನು ಬೇರಾವ ಪ್ರಾಧಿಕಾರದಲ್ಲೂ ಕಂಡಿಲ್ಲ.

ನಾವು ಮಾಡುವುದೇನು? ಜೆಸಿಬಿ ಇಳಿಸಿ ಕೆರೆಯನ್ನು ಸೂಪಿನ ಬಟ್ಟಲಿನ ಹಾಗೆ ಕೆರೆಯುತ್ತೇವೆ. ಅಂಚಿಗೆ ಕಲ್ಲು ಕಟ್ಟುತ್ತೇವೆ. ಜೊಂಡು ‘ಕಳೆ’, ಕೆಸರು ‘ಗಲೀಜು’. ಮೊಟ್ಟೆಯಿಡುವ ಜಾಗವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಕಾಟ್ಲ, ರೋಹು ಮರಿ ತಂದು ಬಿಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಹೆರಿಗೆ ಆಸ್ಪತ್ರೆ ಕೆಡವಿ ತೊಟ್ಟಿಲು ದಾನ ಮಾಡಿದ ಹಾಗೆ.

ಕಾನೂನಿನ ಕಥೆ ಇನ್ನೂ ಚೆನ್ನಾಗಿದೆ. ಮೀನು ಸತ್ತ ಎರಡೇ ತಿಂಗಳಿಗೆ, ಮೇ 2016ರಲ್ಲಿ, ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್ ಬಿಡಿ ಅಂದಿತು. ಬಿಲ್ಡರುಗಳಿಗೆ ಉಸಿರು ಕಟ್ಟಿತು. ಮೀನಿಗೆ ಉಸಿರು ಕಟ್ಟಿದರೆ ವರದಿ, ಬಿಲ್ಡರಿಗೆ ಕಟ್ಟಿದರೆ ಮೇಲ್ಮನವಿ. ಮಾರ್ಚ್ 2019ರಲ್ಲಿ ಸುಪ್ರೀಂ ಕೋರ್ಟು ಆ 75 ಅನ್ನು ರದ್ದು ಮಾಡಿತು. ಮತ್ತೆ ಹಳೆಯ 30 ಮೀಟರ್. ಅದೂ ಜಾಸ್ತಿಯಾಯಿತು ನೋಡಿ. ಆಗಸ್ಟ್ 2025ರಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ಮಸೂದೆ ಪಾಸು ಮಾಡಿತು. ಹತ್ತು ಎಕರೆ ಕೆರೆಗೆ 6 ಮೀಟರ್. ಒಂದು ಎಕರೆ ಕಟ್ಟೆಗೆ 3. ಪಕ್ಷ ಯಾವುದೇ ಇರಲಿ, ಕೆರೆ ಅಂಚಿನ ಸೈಟು ಎಲ್ಲರಿಗೂ ಇಷ್ಟ.

3 ಮೀಟರ್ ಎಂದರೆ ಎಷ್ಟು ಗೊತ್ತೇ? ಅಲ್ಲಿ ಒಂದು ಇನ್ನೋವಾವನ್ನು ನೀರಿಗೆ ಮುಖ ಮಾಡಿ ನಿಲ್ಲಿಸಿ. ಮೂತಿ ಕೆರೆಯೊಳಗಿರುತ್ತದೆ.

ನೂರು ಎಕರೆ ದಾಟಿದ ಹಲಸೂರಿಗೆ 30 ಮೀಟರ್ ಉಳಿದಿದೆ ಎಂದು ಸಮಾಧಾನ ಹೇಳುತ್ತಾರೆ. ಉಳಿದು ಏನು ಪ್ರಯೋಜನ? ರಸ್ತೆ ಯಾವತ್ತೋ ಬಂದು ಪಕ್ಕದಲ್ಲಿ ಕೂತಿದೆ. ಇಲ್ಲಿಯ ಕೋಡಿ ನೀರು ಬೆಳ್ಳಂದೂರಿಗೆ ಹೋಗುವ ದಾರಿಯಲ್ಲಿ ಚಲ್ಲಘಟ್ಟ ಕೆರೆ ಇತ್ತು. ಈಗ ಅಲ್ಲಿ ಗಾಲ್ಫ್ ಮೈದಾನ. ಹದಿನೆಂಟು ಗುಳಿ ಉಳಿಸಿದ್ದಾರೆ, ಚೆಂಡು ಬೀಳಲಿಕ್ಕೆ. ಮುಂದೆ ಬೆಳ್ಳಂದೂರು. ಅಲ್ಲಿ ಕೆರೆಗೇ ಬೆಂಕಿ. ಜನವರಿ 2018ರಲ್ಲಿ ಆರಿಸಲು ಸೈನಿಕರು ಬರಬೇಕಾಯಿತು.

ಸಭೆಯ ಕೊನೆಗೆ ಎದ್ದು ನಿಂತು ಕೇಳಿದೆ: ‘ಎಲ್ಲ ಸರಿ, ಮೀನು ಮೊಟ್ಟೆಯಿಡುವುದು ಎಲ್ಲಿ?’

ಕನ್ಸಲ್ಟೆಂಟ್ ಹುಡುಗ ಲ್ಯಾಪ್‌ಟಾಪಿನಲ್ಲಿ ಎರಡು ಸ್ಲೈಡು ಹಿಂದೆ ಹೋದ, ನಾಲ್ಕು ಮುಂದೆ ಹೋದ. ಆಮೇಲೆ ಮುಖ ಅರಳಿತು.

‘ಸಾರ್, ಸೆಕೆಂಡ್ ಫೇಸಲ್ಲಿ ಅಕ್ವೇರಿಯಂ ಇದೆ.’